ಎಲೆಗಳ ನಡುವೆ ಮೂರಕ್ಷರ

ಲಖನೌ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ದೊಡ್ಡ ಇಮಾಂಬಾರಾ, ಚಿಕನ್ ಕಸೂತಿಯ ಜುಬ್ಬಾ, ನವಾಬರ ಗತ್ತು, ದಸೇರಿ ಮಾವಿನಹಣ್ಣು. ಆ ಊರಿನ ಒಂದು ಕ್ರೈಸ್ತ ಸ್ಮಶಾನದಲ್ಲಿ ಆಸ್ಟ್ರೇಲಿಯಾ ದೇಶದ ರಾಜಧಾನಿಯನ್ನು ಯೋಜಿಸಿದ ಮನುಷ್ಯ ಮಲಗಿದ್ದಾನೆ ಅಂದರೆ ಓದುಗ ಮಿತ್ರರು ಥಟ್ಟನೆ ನಂಬಲಿಕ್ಕಿಲ್ಲ. ನಾನೂ ಮೊದಲು ಕೇಳಿದಾಗ ನಂಬಿರಲಿಲ್ಲ. ಆತನ ಹೆಸರು ವಾಲ್ಟರ್ ಬರ್ಲಿ ಗ್ರಿಫಿನ್. ಆದರೆ ಈ ಸಂಚಿಕೆಗೆಂದು ನಾನು ಬರೆಯಹೊರಟದ್ದು ಆತನ ಹೆಂಡತಿಯ ಕಥೆ. ಗಂಡನ ತಲೆಯಲ್ಲಿದ್ದ ಊರನ್ನು ಬಟ್ಟೆಯ ಮೇಲೆ ಇಳಿಸಿ, ಅದರಲ್ಲಿ ಬೆಟ್ಟ ಎಬ್ಬಿಸಿ, ನೀರು ತುಂಬಿಸಿ, ಸಂಜೆಯ ಬೆಳಕು ಚೆಲ್ಲಿ ಲೋಕಕ್ಕೆ ತೋರಿಸಿದವಳು ಆಕೆ. ಹೆಸರು ಮೇರಿಯನ್ ಮಹೋನಿ ಗ್ರಿಫಿನ್. ಹುಟ್ಟಿದ್ದು 1871, ತೀರಿಕೊಂಡದ್ದು 1961.

ಚಿತ್ರಗಾರ್ತಿಯ ಬಗ್ಗೆ ಬರೆದು ಒಂದೂ ಚಿತ್ರ ಹಾಕದಿರುವುದು, ಊಟಕ್ಕೆ ಕರೆದು ಬರೀ ಎಲೆ ಹಾಕಿ ಎಬ್ಬಿಸಿದ ಹಾಗೆ. ಏನು ಮಾಡೋಣ, ಆಕೆಯ ಗೆರೆಗಳನ್ನು ನಮ್ಮ ಸ್ಟೆನ್ಸಿಲ್ ಮೇಲೆ ಕೊರೆಯಹೋದರೆ ಕಾಗದವೇ ಹರಿದೀತು ಎಂದು ಸಂಪಾದಕರು ಮೊದಲೇ ಹೆದರಿಸಿದ್ದಾರೆ. ಆದ್ದರಿಂದ ಮಾತಿನಲ್ಲೇ ಆದಷ್ಟು ತೋರಿಸುತ್ತೇನೆ. ಉಳಿದದ್ದನ್ನು ನಿಮ್ಮ ಕಲ್ಪನೆ ತುಂಬಿಕೊಳ್ಳಲಿ.

ಮೊದಲು ನನ್ನ ಕಸುಬಿನ ಎರಡು ಮಾತು. ನಾನು ಕೆಲವು ವರ್ಷ ಕಟ್ಟಡಗಳ ನಕ್ಷೆ ತೆಗೆಯುವ ಕಚೇರಿಯೊಂದರಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದವನು. ಮನೆ ಕಟ್ಟಿಸುವವರ ಮುಂದೆ ನಾವು ಪ್ಲಾನು ಹರಡಿದರೆ ಯಜಮಾನರು ಎಲ್ಲಾ ಅರ್ಥವಾದವರ ಹಾಗೆ ತಲೆಯಾಡಿಸುತ್ತಾರೆ. ಮನೆಯಾಕೆ ಮಾತ್ರ ಸುಮ್ಮನಿರುವುದಿಲ್ಲ. ಬೆಳಗಿನ ಬಿಸಿಲು ಯಾವ ಕಿಟಕಿಯಿಂದ ಬರುತ್ತೆ, ಹಪ್ಪಳ ಸಂಡಿಗೆ ಎಲ್ಲಿ ಒಣಗಿಸೋದು, ತುಳಸಿಕುಂಡ ಎಲ್ಲಿಡೋದು, ಬಾಗಿಲು ತೆಗೆದರೆ ಬೀದಿಯವರಿಗೆ ಅಡುಗೆಮನೆ ಕಾಣುತ್ತಾ, ಹೀಗೆ ಒಂದಾದ ಮೇಲೊಂದು ಕೇಳುತ್ತಾಳೆ. ನಮ್ಮ ಪ್ಲಾನಿನಲ್ಲಿ ಇದಕ್ಕೆಲ್ಲ ಉತ್ತರ ಇರುವುದಿಲ್ಲ. ಪ್ಲಾನು ಅಂದರೆ ಮೇಲಿನಿಂದ ಕೊಯ್ದು ನೋಡಿದ್ದು, ಸೆಕ್ಷನ್ ಅಂದರೆ ಮೈ ಸೀಳಿ ನೋಡಿದ್ದು, ಎಲಿವೇಷನ್ ಅಂದರೆ ಎದುರು ನಿಂತು ನೋಡಿದ್ದು. ಮೂರೂ ಸತ್ಯವೇ, ಆದರೆ ಮೂರರಲ್ಲೂ ಜೀವ ಇಲ್ಲ. ಅಲ್ಲಿ ವಾಸಿಸುವವರು ಮನೆಯನ್ನು ಹಾಗೆ ಎಂದೂ ನೋಡುವುದಿಲ್ಲ. ಆ ಹೆಂಗಸಿನ ಪ್ರಶ್ನೆಗೆ ಉತ್ತರ ಕೊಡಬಲ್ಲ ನಕ್ಷೆ ಬೇರೆಯೇ ಒಂದು ಜಾತಿಯದು. ಅದನ್ನು ಬರೆದ ಕೆಲವೇ ಕೈಗಳಲ್ಲಿ ಮೇರಿಯನ್ನಳದು ಬಹು ದೊಡ್ಡ ಕೈ.

ಚಿಕಾಗೋ ನಗರದಲ್ಲಿ 1871ರ ಫೆಬ್ರವರಿ 14ರಂದು ಆಕೆ ಹುಟ್ಟಿದಳು. ಅದೇ ವರ್ಷ ಅಕ್ಟೋಬರಿನಲ್ಲಿ ಆ ಊರಿಗೆ ಬೆಂಕಿ ಬಿದ್ದು ಮೂರು ದಿನ ಉರಿಯಿತು. ಬಟ್ಟೆ ತುಂಬುವ ಬುಟ್ಟಿಯಲ್ಲಿ ಹಸುಗೂಸನ್ನು ಹಾಕಿಕೊಂಡು ಮನೆಯವರು ಓಡಿದರು ಎಂದು ಆಕೆಯ ಮನೆಯಲ್ಲಿ ಹೇಳಿಕೊಳ್ಳುತ್ತಿದ್ದರಂತೆ. ಸಂಸಾರ ಊರ ಉತ್ತರಕ್ಕೆ, ಸರೋವರದ ದಂಡೆಯ ಕಾಡುಸೀಮೆಗೆ ಹೋಗಿ ನೆಲೆಸಿತು. ಓಣಿಗಳು, ಕಂದರಗಳು, ಮರಗಳ ನಡುವೆ ಹುಡುಗಿ ಬೆಳೆದಳು. ಆಮೇಲೆ ತಾನು ಬಿಟ್ಟುಹೋದ ಕಾಡಿಗೆ ನಗರ ಕೈಚಾಚಿ ಮರ ಕಡಿದು ಸೈಟು ಮಾಡಿದ್ದನ್ನೂ ಕಂಡಳು. ಈ ಸಿಟ್ಟು ಆಕೆಯನ್ನು ಬದುಕಿನುದ್ದಕ್ಕೂ ಬಿಡಲಿಲ್ಲ. ತಂದೆ ಐರ್ಲೆಂಡಿನಿಂದ ಬಂದವನು, ಬರವಣಿಗೆಯ ಗೀಳಿನವನು. ಆಕೆ ಇನ್ನೂ ಚಿಕ್ಕವಳಿರುವಾಗಲೇ ತೀರಿಕೊಂಡ. ತಾಯಿ ಕ್ಲಾರಾ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ಮಕ್ಕಳನ್ನು ಸಾಕಿದಳು. ಗಂಡಸರ ದುಡಿಮೆ ಇಲ್ಲದೆಯೂ ಸಂಸಾರ ನಡೆಯುತ್ತದೆ ಎಂಬುದನ್ನು ಮೇರಿಯನ್ ಪುಸ್ತಕದಲ್ಲಿ ಓದಬೇಕಾಗಿರಲಿಲ್ಲ.

ಸೋದರಸಂಬಂಧಿ ಡ್ವೈಟ್ ಪರ್ಕಿನ್ಸ್ ವಾಸ್ತುಶಿಲ್ಪ ಓದಿದ್ದ. ಅವನ ದಾರಿ ಹಿಡಿದು ಈಕೆಯೂ ಬಾಸ್ಟನ್ನಿನ ಎಂ.ಐ.ಟಿ. ಸೇರಿದಳು. 1894ರಲ್ಲಿ ಪದವಿ. ಅಲ್ಲಿ ವಾಸ್ತುಶಿಲ್ಪದ ಪದವಿ ಪಡೆದ ಹೆಂಗಸರಲ್ಲಿ ಈಕೆ ಎರಡನೆಯವಳು. ಮೊದಲನೆಯವಳು ಸೋಫಿಯಾ ಹೇಡನ್, 1890ರಲ್ಲಿ. ಮೇರಿಯನ್ ಪದವಿಗೆ ಬರೆದ ಪ್ರಬಂಧದ ವಿಷಯವೇ ನೋಡಿ: ಒಬ್ಬ ಚಿತ್ರಗಾರನ ಮನೆ ಮತ್ತು ಅವನ ಕೆಲಸದ ಕೋಣೆ. ವಾಸಿಸುವ ಮನುಷ್ಯನಿಂದ ಮನೆಗೆ ಹೋಗುವ ದಾರಿ ಆಗಲೇ ಹಿಡಿದಿದ್ದಳು. 1897ರಲ್ಲಿ ಇಲಿನಾಯ್ ರಾಜ್ಯ ವಾಸ್ತುಶಿಲ್ಪಿಗಳಿಗೆ ಪರವಾನಗಿ ಬೇಕೆಂದು ಕಾನೂನು ಮಾಡಿತು. ಮರುವರ್ಷವೇ ಪರೀಕ್ಷೆ ಕಟ್ಟಿ ಪರವಾನಗಿ ಪಡೆದಳು. ಸರಕಾರದ ಪರವಾನಗಿ ಕೈಯಲ್ಲಿಟ್ಟುಕೊಂಡು ಕಟ್ಟಡ ಕಟ್ಟುವ ಹೆಂಗಸರು ಲೋಕದಲ್ಲೇ ಬೆರಳೆಣಿಕೆಗೂ ಸಿಗದಿದ್ದ ಕಾಲ ಅದು.

ಅದಕ್ಕೂ ಮೊದಲೇ, 1895ರಲ್ಲಿ, ಫ್ರಾಂಕ್ ಲಾಯ್ಡ್ ರೈಟ್ ಎಂಬ ತರುಣನ ಕಚೇರಿಗೆ ಸೇರಿಕೊಂಡಿದ್ದಳು. ರೈಟ್ ಯಾರೆಂದು ಬೇರೆ ಹೇಳಬೇಕಿಲ್ಲ; ಇಪ್ಪತ್ತನೆಯ ಶತಮಾನದ ವಾಸ್ತುಶಿಲ್ಪಿಗಳಲ್ಲಿ ಅವನಷ್ಟು ಹೆಸರು ಮಾಡಿದವರು ಕಡಿಮೆ. ಆಗಿನ್ನೂ ಅವನಿಗೆ ಇಪ್ಪತ್ತೆಂಟು ವರ್ಷ, ಹೆಸರು ಬರುವುದಕ್ಕಿತ್ತು. ಬಯಲುಸೀಮೆಯ ನೆಲಕ್ಕೆ ಒರಗಿಕೊಂಡಂತೆ ತಗ್ಗಾದ, ಉದ್ದನೆಯ ಸೂರಿನ ಮನೆಗಳನ್ನು ಅವನು ಕಟ್ಟುತ್ತಿದ್ದ. ಮೇರಿಯನ್ ಅಲ್ಲಿ ಹೆಚ್ಚುಕಡಿಮೆ ಹದಿನಾಲ್ಕು ವರ್ಷ, ನಡುನಡುವೆ ಬಿಟ್ಟು ಬಿಟ್ಟು, ದುಡಿದಳು. ನಕ್ಷೆ ಮಾತ್ರ ಅಲ್ಲ. ಬಣ್ಣದ ಗಾಜಿನ ಕಿಟಕಿ, ಮೇಜು ಕುರ್ಚಿ, ದೀಪದ ಬುರುಡೆ, ಗೋಡೆಚಿತ್ರ, ಎಲ್ಲಕ್ಕೂ ಆಕೆಯ ಕೈ ಬೇಕಿತ್ತು. ಕಚೇರಿಯ ಹುಡುಗರಿಗೆ ರೈಟ್ ಒಂದೊಂದು ಸಲ ಪಂದ್ಯ ಇಡುತ್ತಿದ್ದನಂತೆ: ಈ ಕಿಟಕಿಗೆ, ಈ ಒಲೆಗೂಡಿಗೆ ಯಾರು ಚೆಂದದ ವಿನ್ಯಾಸ ಬರೆಯುತ್ತೀರಿ ಎಂದು. ಹೆಚ್ಚಿನ ಪಂದ್ಯಗಳನ್ನು ಮೇರಿಯನ್ ಗೆಲ್ಲುತ್ತಿದ್ದಳು ಎಂದು ಅದೇ ಕಚೇರಿಯಲ್ಲಿ ಕಲಿತ ಬ್ಯಾರಿ ಬರ್ನ್ ನೆನಪಿಸಿಕೊಂಡಿದ್ದಾನೆ. ಗೆದ್ದ ಚಿತ್ರ ರೈಟ್‌ನ ಖಾನೆಗೆ ಸೇರುತ್ತಿತ್ತು. ಆಮೇಲೆ ಯಾರಾದರೂ ಅದನ್ನು ಮಿಸ್ ಮಹೋನಿಯ ವಿನ್ಯಾಸ ಅಂದರೆ ರೈಟ್‌ಗೆ ಸಿಟ್ಟು ಬರುತ್ತಿತ್ತಂತೆ!

ಈಗ ಆಕೆಯ ಚಿತ್ರದ ಮಾತಿಗೆ ಬರೋಣ. ಆ ಕಾಲದ ಅಮೆರಿಕಾದಲ್ಲಿ ಕಟ್ಟಡದ ಚಿತ್ರವೆಂದರೆ ಪ್ಯಾರಿಸ್ಸಿನ ಶಾಲೆಯ ಪದ್ಧತಿಯಂತೆ ತೆಳು ಶಾಯಿಯನ್ನು ಪದರ ಪದರವಾಗಿ ಬಳಿದು, ನೆರಳು ಕೊಟ್ಟು, ಕಟ್ಟಡವನ್ನು ಕಾಗದದ ನಟ್ಟನಡುವೆ ಮದುಮಗನ ಹಾಗೆ ಕೂರಿಸುವುದು. ಗಿಡ ಮರ ಏನಿದ್ದರೂ ಪಕ್ಕಕ್ಕೆ, ತೋರಣಕ್ಕೆ. ಮೇರಿಯನ್ ಇದನ್ನು ಬುಡಮೇಲು ಮಾಡಿದಳು. ಜಪಾನಿನ ಮರದಚ್ಚಿನ ಚಿತ್ರಗಳ ಹುಚ್ಚು ರೈಟ್‌ಗೂ ಇತ್ತು, ಈಕೆಗೂ ಹತ್ತಿತು. ಹಿರೋಶಿಗೆ ಎಂಬ ಜಪಾನೀ ಕಲಾವಿದ ಬಿಟ್ಟ ಖಾಲಿ ಜಾಗದಲ್ಲೇ ಗಾಳಿ ಆಡುತ್ತದೆ. ಕೊಂಬೆಯೊಂದು ಚಿತ್ರದ ಅಂಚನ್ನು ದಾಟಿ ಹೊರಗೆ ಹೋಗುತ್ತದೆ. ಮೇರಿಯನ್ ಈ ಗುಟ್ಟನ್ನು ಹಿಡಿದು ಪೆನ್ನಿನ ಸಣ್ಣ ಗೆರೆಯಿಂದ, ನೆರಳನ್ನು ತುಂಬದೆ, ಮನೆಗಳನ್ನು ಬರೆದಳು.

ಒಂದು ಉದಾಹರಣೆ ಕೊಡುತ್ತೇನೆ. ವಿಸ್ಕಾನ್ಸಿನ್‌ನ ರೇಸಿನ್ ಎಂಬ ಊರಲ್ಲಿ ಮಿಶಿಗನ್ ಸರೋವರದ ಕಡಿದಾದ ದಡದ ಮೇಲೆ ಹಾರ್ಡಿ ಎಂಬವರಿಗೆ ರೈಟ್ 1905ರಲ್ಲಿ ಮನೆ ಕಟ್ಟಿದ. ಬೇರೆಯವರಾಗಿದ್ದರೆ ಮನೆಯ ಮುಂದೆ ನಿಂತು ಅದನ್ನು ಬರೆಯುತ್ತಿದ್ದರು. ಮೇರಿಯನ್ ಕೆಳಗೆ, ನೀರಿನ ಕಡೆ ಇಳಿದು ನಿಂತು ಕತ್ತೆತ್ತಿದಳು. ಉದ್ದನೆಯ, ಕಿರಿದಾದ ಹಾಳೆ. ಮನೆ ತುತ್ತತುದಿಯಲ್ಲಿ. ನಡುವೆ ಇಷ್ಟಗಲ ಬರೀ ಬಿಳಿ ಜಾಗ. ಹತ್ತಿರದಲ್ಲಿ ಕೆಲವೇ ಗಿಡದ ಕಡ್ಡಿಗಳು. ಅಷ್ಟೇ! ಆದರೆ ಆ ಮನೆಯವರು ದಿನಾ ಬೆಳಿಗ್ಗೆ ಎದ್ದು ಏನನ್ನು ನೋಡುತ್ತಾರೆ, ಎಷ್ಟು ಎತ್ತರದಲ್ಲಿ ನಿಂತು ನೋಡುತ್ತಾರೆ, ಎಂಥ ಗಾಳಿ ಅವರ ಮುಖಕ್ಕೆ ಬಡಿಯುತ್ತದೆ ಎಂಬುದೆಲ್ಲ ಆ ಬಿಳಿ ಜಾಗದಲ್ಲಿ ಇದೆ. ಮನುಷ್ಯರನ್ನು ಬರೆಯದೆಯೇ ಮನುಷ್ಯರ ಬಾಳನ್ನು ಬರೆದ ಚಿತ್ರ ಅದು. ಆಕೆಯ ಮನೆಗಳ ಕುಂಡಗಳಿಂದ ಬಳ್ಳಿ ಉಕ್ಕಿ ಕೆಳಗೆ ಇಳಿಯುತ್ತದೆ. ಬಳ್ಳಿ ಇದೆ ಅಂದರೆ ಅದಕ್ಕೆ ನೀರು ಹಾಕುವ ಕೈ ಒಳಗೆ ಇದೆ ಅಂತ ತಾನೆ ಅರ್ಥ?

ಆ ಎಲೆಗಳ ಸಂದಿಯಲ್ಲಿ ಆಕೆ ಒಂದು ಚೇಷ್ಟೆ ಮಾಡುತ್ತಿದ್ದಳು. ಮೇರಿಯನ್ ಲೂಸಿ ಮಹೋನಿ ಎಂಬ ತನ್ನ ಹೆಸರಿನ ಮೂರು ಮೊದಲಕ್ಷರಗಳನ್ನು, ಎಂ ಎಲ್ ಎಂ ಎಂದು, ಹೆಣೆದು ಪೊದೆಯ ನಡುವೆ ಅಡಗಿಸಿ ಬಿಡುತ್ತಿದ್ದಳು. ನೋಡುವವರಿಗೆ ಅದೂ ಒಂದು ಎಲೆಯೇ. ನಕ್ಷೆ ಕಚೇರಿಯಲ್ಲಿ ದುಡಿದವರಿಗೆ ಇದರ ಮರ್ಮ ಬೇಗ ತಿಳಿಯುತ್ತದೆ. ನಮ್ಮ ಹಾಳೆಯ ಬಲಗಡೆ ಕೆಳಮೂಲೆಯಲ್ಲಿ ಒಂದು ಚೌಕ ಇರುತ್ತದೆ: ಬರೆದವರು, ಪರಿಶೀಲಿಸಿದವರು, ಒಪ್ಪಿಗೆ ಕೊಟ್ಟವರು. ಬರೆದವರ ಮನೆಯಲ್ಲಿ ಎರಡಕ್ಷರಕ್ಕೆ ಮಾತ್ರ ಜಾಗ. ಅಚ್ಚಾಗುವಾಗ ಆ ಚೌಕವೇ ಬಹಳ ಸಲ ಕತ್ತರಿಗೆ ಸಿಕ್ಕಿ ಹೋಗುತ್ತದೆ. ಪೊದೆಯನ್ನು ಯಾರೂ ಕತ್ತರಿಸುವುದಿಲ್ಲವಲ್ಲ! 1906ರಲ್ಲಿ ಬರೆದ ಡಿ ರೋಡ್ಸ್ ಎಂಬವರ ಮನೆಯ ಚಿತ್ರದ ಮೇಲೆ ಮಾತ್ರ ರೈಟ್ ತನ್ನ ಕೈಯಾರೆ ಒಂದು ಟಿಪ್ಪಣಿ ಬರೆದ. ಇದನ್ನು ಬರೆದವಳು ಮಹೋನಿ, ತನ್ನ ಮತ್ತು ಹಿರೋಶಿಗೆಯ ಜಾಡು ಹಿಡಿದು, ಎಂಬುದು ಅದರ ತಾತ್ಪರ್ಯ. ಇಷ್ಟಾದರೂ ಒಪ್ಪಿಕೊಂಡನಲ್ಲ ಎಂದು ಸಂತೋಷಪಡಬೇಕೋ, ಅಲ್ಲಿಯೂ ತನ್ನ ಹೆಸರು ಸೇರಿಸಿಕೊಂಡನಲ್ಲ ಎಂದು ನಗಬೇಕೋ, ನೀವೇ ಹೇಳಿ.

1909ರಲ್ಲಿ ರೈಟ್ ಹೆಂಡತಿ ಮಕ್ಕಳನ್ನು ಬಿಟ್ಟು, ತಾನು ಮನೆ ಕಟ್ಟಿಕೊಟ್ಟಿದ್ದ ಗೃಹಸ್ಥರೊಬ್ಬರ ಹೆಂಡತಿಯ ಜೊತೆ ಯುರೋಪಿಗೆ ಹೊರಟುಹೋದ. ಅವನ ಕೃತಿಗಳ ದೊಡ್ಡ ಚಿತ್ರಸಂಪುಟವನ್ನು ಬರ್ಲಿನ್ನಿನ ವಾಸ್ಮುತ್ ಎಂಬ ಪ್ರಕಾಶಕರು 1910ರಿಂದ ಹೊರತಂದರು. ನೂರರಷ್ಟು ಫಲಕಗಳು. ಅಚ್ಚಿಗಾಗಿ ಹಳೆಯ ಚಿತ್ರಗಳನ್ನೆಲ್ಲ ಇಟಲಿಯಲ್ಲಿ ಕುಳಿತು ರೈಟ್, ಅವನ ಮಗ, ಟೇಲರ್ ವುಲಿ ಎಂಬ ಸಹಾಯಕ ಮತ್ತೆ ಟ್ರೇಸ್ ಮಾಡಿದರು. ಹೀಗೆ ಮೇರಿಯನ್ನಳ ಗೆರೆಗಳು ಬೇರೆ ಕೈಗಳ ಗೆರೆಗಳಾದವು. ಆ ಫಲಕಗಳಲ್ಲಿ ಹೆಚ್ಚುಕಡಿಮೆ ಅರ್ಧದ ಮೂಲ ಆಕೆಯ ಚಿತ್ರಗಳೇ ಎಂದು ಆಮೇಲಿನ ವಿದ್ವಾಂಸರು ಎಣಿಸಿ ಹೇಳಿದ್ದಾರೆ. ಮೀಸ್ ವಾನ್ ಡೆರ್ ರೋಹೆಯಂಥ ಯುರೋಪಿನ ತರುಣರು ರೈಟ್‌ನ ಕೆಲಸ ಕಂಡು ಬೆರಗಾದದ್ದು ಆ ದಿನಗಳಲ್ಲೇ. ಹೊಸ ವಾಸ್ತುಶಿಲ್ಪಕ್ಕೆ ಯುರೋಪಿನಲ್ಲಿ ಕಿಡಿ ಹೊತ್ತಿಸಿದ ಕಾಗದಗಳಲ್ಲಿ ಇವೂ ಸೇರಿವೆ. ಕಡ್ಡಿ ಗೀರಿದವಳ ಹೆಸರು ಮಾತ್ರ ಮುಖಪುಟದಲ್ಲಿ ಇರಲಿಲ್ಲ.

ರೈಟ್ ಹೊರಡುವಾಗ ಕಚೇರಿ ನೋಡಿಕೊ ಎಂದು ಮೇರಿಯನ್ನಳನ್ನು ಕೇಳಿದ. ಆಕೆ ಒಲ್ಲೆ ಅಂದಳು. ಹರ್ಮನ್ ವಾನ್ ಹೋಲ್ಸ್ಟ್ ಎಂಬವನು ವಹಿಸಿಕೊಂಡ. ವಿನ್ಯಾಸದ ವಿಷಯದಲ್ಲಿ ಪೂರ್ತಿ ಅಧಿಕಾರ ತನಗಿರಬೇಕು ಎಂಬ ಕರಾರಿನ ಮೇಲೆ ಈಕೆ ಅವನ ಬಳಿ ಕೆಲಸಕ್ಕೆ ನಿಂತಳು. ಗ್ರ್ಯಾಂಡ್ ರ‍್ಯಾಪಿಡ್ಸ್‌ನ ಆಂಬರ್ಗ್ ಮನೆ, ಡಿಕೇಟರ್ ಊರಿನ ಮ್ಯೂಲರ್ ಸಹೋದರರ ಮನೆಗಳು ಆಗಿನವು. ಈ ಕೆಲಸಕ್ಕೆ ತೋಟದ ಯೋಜನೆ ಮಾಡಲು ಬಂದವನು ವಾಲ್ಟರ್ ಗ್ರಿಫಿನ್. ಅವನೂ ರೈಟ್‌ನ ಕಚೇರಿಯಲ್ಲಿ ದುಡಿದು, ಹಣದ ವಿಷಯಕ್ಕೆ ಮುನಿಸಿಕೊಂಡು ಹೊರಬಂದವನೇ. ಮೇರಿಯನ್ನಳಿಗಿಂತ ಐದು ವರ್ಷ ಚಿಕ್ಕವನು, ಮೃದು ಮಾತಿನವನು. ಇಬ್ಬರಿಗೂ ಮರ ಗಿಡ ಅಂದರೆ ಪ್ರಾಣ. ಭಾನುವಾರ ಬಂತೆಂದರೆ ದೋಣಿ ತಗೊಂಡು ಹೊಳೆಗಳಲ್ಲಿ ಸುತ್ತಾಟ. 1911ರ ಜೂನಿನಲ್ಲಿ ಮದುವೆಯಾದರು. ಮದುಮಗಳಿಗೆ ನಲವತ್ತು ವರ್ಷ!

ಅದೇ ವರ್ಷ ಆಸ್ಟ್ರೇಲಿಯಾ ಸರಕಾರ ಹೊಸ ರಾಜಧಾನಿಗೆ ಯೋಜನೆ ಕಳಿಸಿರೆಂದು ಜಗತ್ತಿಗೆಲ್ಲ ಸಾರಿತು. ವಾಲ್ಟರ್ ತಲೆಯಲ್ಲೇ ಊರು ಕಟ್ಟುತ್ತ ದಿನ ತಳ್ಳುತ್ತಿದ್ದ. ಕೊನೆಗೆ ಮೇರಿಯನ್ ಗುಡುಗಿದ ಮೇಲೆ ಕಾಗದಕ್ಕೆ ಕೈ ಹಚ್ಚಿದ. ಉಳಿದದ್ದು ಒಂಬತ್ತು ವಾರ. ಇಬ್ಬರೂ ಆ ಜಾಗವನ್ನು ಕಣ್ಣಾರೆ ಕಂಡವರಲ್ಲ. ಕೈಲಿದ್ದದ್ದು ಎತ್ತರ ತಗ್ಗು ತೋರಿಸುವ ಕಂಟೂರ್ ನಕ್ಷೆ ಮತ್ತು ಆ ಕಣಿವೆಯ ಸುತ್ತುನೋಟದ ಚಿತ್ರದ ಪ್ರತಿ. ಅಷ್ಟರ ಬಲದ ಮೇಲೆ ವಾಲ್ಟರ್ ಬೆಟ್ಟದಿಂದ ಬೆಟ್ಟಕ್ಕೆ ಗೆರೆ ಎಳೆದು, ನಡುವೆ ಕೆರೆ ತುಂಬಿಸಿ ಪ್ಲಾನು ಮಾಡಿದ. ಮೇರಿಯನ್ ಅದಕ್ಕೆ ಉಸಿರು ಕೊಟ್ಟಳು.

ದೊಡ್ಡ ದೊಡ್ಡ ಬಟ್ಟೆಗಳ ಮೇಲೆ ಕಂದು, ಹೊಂಬಣ್ಣ, ಮಾಸಲು ಹಸಿರಿನಲ್ಲಿ ಆ ಊರು ಮೂಡಿತು. ಸೆಕ್ಷನ್ ಅಂದರೆ ಒಣ ಕೊಯ್ತ ಎಂದೆನಲ್ಲ. ಆಕೆಯ ಸೆಕ್ಷನ್ ನೋಡಿ. ಉದ್ದನೆಯ ಪಟ್ಟಿ. ಕೆಳಗೆ ನೀರು, ನೀರಿನಲ್ಲಿ ಕಟ್ಟಡಗಳ ನೆರಳು, ಅವುಗಳ ಹಿಂದೆ ಸಾಲು ಬೆಟ್ಟ, ಬೆಟ್ಟದ ಹಿಂದೆ ಕಡುಬಣ್ಣದ ಆಕಾಶ. ಅಳತೆಯೂ ಸರಿ, ಸಂಜೆಯೂ ಸರಿ. ಇನ್ನೊಂದರಲ್ಲಿ ಏನ್ಸ್‌ಲಿ ಎಂಬ ಬೆಟ್ಟದ ನೆತ್ತಿಯಿಂದ ಕಾಣುವ ಇಡೀ ನಗರವನ್ನು ಮೂರು ಫಲಕ ಜೋಡಿಸಿ ಬರೆದಳು. ಚಿಕಾಗೋದಲ್ಲಿ ಕುಳಿತವಳು, ತಾನು ಎಂದೂ ಹತ್ತದ ಬೆಟ್ಟದ ಮೇಲೆ ನಿಂತು, ಇನ್ನೂ ಹುಟ್ಟದ ಊರನ್ನು ನೋಡಿದಳು. ಕೊರೆಯುವ ಚಳಿಯ ರಾತ್ರಿ ಚಿತ್ರಗಳ ಪೆಟ್ಟಿಗೆಯನ್ನು ಬಾಡಿಗೆ ಗಾಡಿಯಲ್ಲಿ ಹೇರಿಕೊಂಡು, ಹಡಗಿಗೆ ಮುಟ್ಟಿಸುವ ಕೊನೆಯ ರೈಲನ್ನು ಹೇಗೋ ಹಿಡಿದೆವು ಎಂದು ಆಕೆ ಮುಂದೆ ನೆನಪು ಬರೆದಿದ್ದಾಳೆ. ಬಂದಿದ್ದ ಯೋಜನೆಗಳು 137. ಇವರದು 29ನೆಯ ನಂಬರಿನದು. 1912ರ ಮೇ 23ರಂದು ಅದಕ್ಕೇ ಮೊದಲ ಬಹುಮಾನ ಎಂದು ಪ್ರಕಟವಾಯಿತು. ಆ ಚಿತ್ರಗಳು ಕ್ಯಾನ್‌ಬೆರಾದ ರಾಷ್ಟ್ರೀಯ ಪತ್ರಾಗಾರದಲ್ಲಿ ಇವೆ. ಬಹುಮಾನದ ಹೆಸರು ವಾಲ್ಟರ್‌ನದು. ಆಕೆಗೆ ಇದರಿಂದ ಬೇಸರ ಆದಂತಿಲ್ಲ. ರೈಟ್‌ನ ಮೇಲಿನ ಸಿಟ್ಟನ್ನು ಮುಪ್ಪಿನವರೆಗೂ ಕಾಪಾಡಿಕೊಂಡ ಹೆಂಗಸು, ಗಂಡನ ವಿಷಯಕ್ಕೆ ಬಂದರೆ ತನ್ನ ಪಾಲನ್ನು ತಾನೇ ಅಳಿಸಿ ಅವನಿಗೆ ಬರೆದುಕೊಡುತ್ತಿದ್ದಳು. ಪ್ರೀತಿ ಅನ್ನಿ, ಆ ಕಾಲದ ರೂಢಿ ಅನ್ನಿ. ಆದರೆ ಇದರ ಫಲವಾಗಿ ಯಾವ ಗೆರೆ ಯಾರದು ಎಂದು ಬಿಡಿಸುವುದು ಕಷ್ಟವಾಗಿ ಹೋಯಿತು.

1914ರಲ್ಲಿ ಇಬ್ಬರೂ ಆಸ್ಟ್ರೇಲಿಯಾಕ್ಕೆ ಹೋದರು. ಅಲ್ಲಿ ಕಾದಿದ್ದದ್ದು ಸರಕಾರಿ ಕಚೇರಿಗಳ ಕಾದಾಟ. ಯೋಜನೆ ಇವರದು, ಫೈಲು ಅವರದು. ವಿಚಾರಣೆ ಆಯೋಗವೂ ಕೂತಿತು. ಏಳು ವರ್ಷ ಗುದ್ದಾಡಿ 1920ರ ಕೊನೆಗೆ ವಾಲ್ಟರ್ ಹೊರಬಂದ. ಅಷ್ಟರಲ್ಲಿ ಮೆಲ್ಬರ್ನ್‌ನಲ್ಲಿ ಬೇರೆ ಕೆಲಸಗಳೂ ಇದ್ದವು. ಕ್ಯಾಪಿಟಲ್ ಥಿಯೇಟರ್ ಎಂಬ ಸಿನಿಮಾ ಮಂದಿರ 1924ರಲ್ಲಿ ತೆರೆಯಿತು. ಅದರ ಮಾಳಿಗೆ ಹರಳುಗಲ್ಲಿನ ಗವಿಯ ಹಾಗೆ. ಪ್ಲಾಸ್ಟರಿನ ಹರಳುಗಳ ಹಿಂದೆ ಸಾವಿರಾರು ಬಣ್ಣದ ದೀಪ. ಇಬ್ಬರೂ ಸೇರಿ ಮಾಡಿದ ಆ ಮಾಳಿಗೆಗೆ ನಡುವೆ ಕಷ್ಟದ ದಿನಗಳು ಬಂದರೂ ಉಳಿಯಿತು. ಮಂದಿರ 2019ರಲ್ಲಿ ಮತ್ತೆ ತೆರೆಯಿತು. ಬಿಡುವಾದಾಗ ಮೇರಿಯನ್ ಆ ದೇಶದ ಮರಗಳನ್ನು ಒಂದೊಂದಾಗಿ ರೇಷ್ಮೆಯ ಮೇಲೆ ಬರೆದಳು. ಮನುಷ್ಯರ ಭಾವಚಿತ್ರ ಬರೆಯುವಷ್ಟೇ ಮರ್ಯಾದೆಯಿಂದ ಬರೆದ ನೀಲಗಿರಿ ಜಾತಿಯ ಮರಗಳು ಅವು.

ಸಿಡ್ನಿಯ ಹತ್ತಿರ ಕಡಲ ಹಿನ್ನೀರಿನ ಬಂಡೆಗಾಡಿನಲ್ಲಿ 1921ರ ಸುಮಾರಿಗೆ ಕಾಸಲ್‌ಕ್ರ್ಯಾಗ್ ಎಂಬ ಬಡಾವಣೆಗೆ ಇವರು ಕೈ ಹಾಕಿದರು. ನನ್ನನ್ನು ಕೇಳಿದರೆ ಮೇರಿಯನ್ನಳ ಅತಿ ದೊಡ್ಡ ಚಿತ್ರ ಇದೇ. ಮರ ಕಡಿಯಬಾರದು. ಬೇಲಿ ಹಾಕಬಾರದು. ರಸ್ತೆ ಗುಡ್ಡದ ಮೈಯ ಬಳುಕನ್ನೇ ಅನುಸರಿಸಬೇಕು. ಮನೆಗಳು ಅಲ್ಲಿನದೇ ಕಲ್ಲಿನವು, ಇಲ್ಲವೇ ವಾಲ್ಟರ್ ಕಂಡುಹಿಡಿದ ನಿಟ್‌ಲಾಕ್ ಎಂಬ ಸಿಮೆಂಟಿನ ಬಿಲ್ಲೆಗಳವು. ಚಪ್ಪಟೆ ಮಾಳಿಗೆ, ಪುಟ್ಟ ಗಾತ್ರ, ಎದುರಿನವರ ನೋಟಕ್ಕೆ ಅಡ್ಡ ಬರದ ಎತ್ತರ. ದಡದ ಜಾಗವೆಲ್ಲ ಎಲ್ಲರಿಗೂ ಸೇರಿದ್ದು. ಕಾಗದದ ಮೇಲೆ ಮನೆಯನ್ನು ಗಿಡಗಳ ನಡುವೆ ಅಡಗಿಸುತ್ತಿದ್ದವಳು ಇಲ್ಲಿ ನೆಲದ ಮೇಲೆಯೇ ಅಡಗಿಸಿದಳು. 1925ರ ಹೊತ್ತಿಗೆ ತಾವೂ ಅಲ್ಲೇ ಬಂದು ನೆಲೆಸಿದರು. ಮನೆ ಕಟ್ಟಿಕೊಟ್ಟು ಕೈತೊಳೆದುಕೊಳ್ಳುವ ಜಾಯಮಾನ ಆಕೆಯದಲ್ಲ. ನೆರೆಹೊರೆಯ ಮಕ್ಕಳನ್ನು ಸೇರಿಸಿದಳು, ದೊಡ್ಡವರಿಗೆ ವೇಷ ಹೊಲಿದಳು, ಬಂಡೆಗಳ ನಡುವಿನ ಕಣಿವೆಯೊಂದನ್ನೇ ರಂಗಸ್ಥಳ ಮಾಡಿ ಗ್ರೀಕ್ ನಾಟಕ ಆಡಿಸಿದಳು. ಮೆಟ್ಟಿಲು ಬಂಡೆಗಳ ಮೇಲೆ ಕುಳಿತ ಜನ, ಮರಗಳ ಮರೆಯಿಂದ ಬರುವ ದೀಪ! ಬಯಲಾಟ ನೋಡಿ ಬೆಳೆದ ನಮ್ಮ ಊರುಗಳವರಿಗೆ ಆ ರಾತ್ರಿಗಳ ಸುಖ ವಿವರಿಸಿ ಹೇಳಬೇಕಿಲ್ಲ. ಚಿತ್ರದಲ್ಲಿ ಎಂದೂ ಬರೆಯದೆ ಬಿಟ್ಟ ಮನುಷ್ಯರು ಕೊನೆಗೂ ಬಂದು ತಮ್ಮ ತಮ್ಮ ಜಾಗದಲ್ಲಿ ನಿಂತರು.

1930ರ ದಶಕದ ಮುಗ್ಗಟ್ಟಿನಲ್ಲಿ ಕಟ್ಟಡದ ಕೆಲಸ ನಿಂತುಹೋಯಿತು. ಆಗ ಬಂತು ಲಖನೌ ಕರೆ. ಅಲ್ಲಿನ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ವಿನ್ಯಾಸ ಬೇಕೆಂದು 1935ರಲ್ಲಿ ವಾಲ್ಟರ್ ಹೊರಟ. ಒಂದು ಕಟ್ಟಡಕ್ಕೆ ಹೋದವನಿಗೆ ಹತ್ತಾರು ಕೆಲಸ ಸಿಕ್ಕಿದವು: ಪಯನೀರ್ ಪತ್ರಿಕೆಯ ಅಚ್ಚುಕೂಟ, ಮಹಮೂದಾಬಾದಿನ ರಾಜರಿಗೆ ಗ್ರಂಥಾಲಯ, ಜಹಾಂಗೀರಾಬಾದಿನ ರಾಜರ ಜನಾನಾ, ಸಂಯುಕ್ತ ಪ್ರಾಂತದ 1936ರ ಕೈಗಾರಿಕೆ ಮತ್ತು ಕೃಷಿ ಪ್ರದರ್ಶನಕ್ಕೆ ಇಡೀ ಒಂದು ನಗರದಷ್ಟು ಮಂಟಪಗಳು. 1936ರ ಬೇಸಿಗೆಯಲ್ಲಿ, ಉತ್ತರ ಹಿಂದೂಸ್ತಾನದ ಕೆಂಡದಂಥ ಬಿಸಿಲಿನಲ್ಲಿ, ಅರವತ್ತೈದು ವರ್ಷದ ಮೇರಿಯನ್ ಬಂದಿಳಿದಳು. ಬಂದವಳೇ ಬೋರ್ಡಿನ ಮುಂದೆ ಕೂತಳು. ಗಂಡ ಹೆಂಡತಿಗೆ ಮತ್ತೆ ತಾರುಣ್ಯ ಬಂದ ಹಾಗಾಗಿತ್ತು. ಪರದೇಶದ ಜನ ಎಂದು ಅವರಿಗೆ ಅನ್ನಿಸಿದ್ದೇ ಇಲ್ಲ. ಇಲ್ಲಿನ ಬಿಸಿಲು, ಜಾಲಂಧ್ರ, ಅಂಗಳ, ಮಾಳಿಗೆಯ ಮೇಲಿನ ನಿದ್ದೆ, ಇವೆಲ್ಲ ಅವರ ವಿನ್ಯಾಸದೊಳಕ್ಕೆ ಸಲೀಸಾಗಿ ಬಂದವು.

ಈ ಸಂತೋಷ ಒಂಬತ್ತು ಹತ್ತು ತಿಂಗಳು. ಪಿತ್ತಕೋಶದ ಶಸ್ತ್ರಚಿಕಿತ್ಸೆ ಆದ ಕೆಲವೇ ದಿನಗಳಲ್ಲಿ, 1937ರ ಫೆಬ್ರವರಿ 11ರಂದು, ಲಖನೌದ ಆಸ್ಪತ್ರೆಯಲ್ಲಿ ವಾಲ್ಟರ್ ತೀರಿಕೊಂಡ. ಅರವತ್ತು ವರ್ಷ. ಅಲ್ಲಿಯ ಸ್ಮಶಾನದಲ್ಲೇ ಮಣ್ಣು ಮಾಡಿದರು. ಆ ಸಮಾಧಿಗೆ ಹೆಸರಿನ ಕಲ್ಲು ಬಿದ್ದದ್ದು 1988ರಲ್ಲಿ.

ಮೇರಿಯನ್ ಕೈಲಿದ್ದ ಕೆಲಸ ಒಪ್ಪಿಸಿ ಸಿಡ್ನಿಗೆ ಹೋಗಿ, 1938ರಲ್ಲಿ ಚಿಕಾಗೋಗೆ ಮರಳಿದಳು. ಎರಡು ಹೊಸ ಬಡಾವಣೆಗಳಿಗೆ ಯೋಜನೆ ಬರೆದಳು, ಕಟ್ಟಲಿಲ್ಲ ಯಾರೂ. ಉಳಿದ ವರ್ಷಗಳನ್ನೆಲ್ಲ ಒಂದು ಪುಸ್ತಕಕ್ಕೆ ಸುರಿದಳು. ದಿ ಮ್ಯಾಜಿಕ್ ಆಫ್ ಅಮೆರಿಕಾ ಎಂದು ಹೆಸರು. ಸಾವಿರಕ್ಕೂ ಹೆಚ್ಚು ಪುಟ, ನೂರಾರು ಚಿತ್ರ. ಬದುಕನ್ನು ನಾಲ್ಕು ಯುದ್ಧಗಳಾಗಿ ಭಾಗ ಮಾಡಿದ್ದಾಳೆ: ಸಾಮ್ರಾಜ್ಯದ ಯುದ್ಧ ಅಂದರೆ ಹಿಂದೂಸ್ತಾನ, ಒಕ್ಕೂಟದ ಯುದ್ಧ ಅಂದರೆ ಕ್ಯಾನ್‌ಬೆರಾ, ಪುರಸಭೆಯ ಯುದ್ಧ ಅಂದರೆ ಕಾಸಲ್‌ಕ್ರ್ಯಾಗ್, ಕೊನೆಯದು ವ್ಯಕ್ತಿಯ ಯುದ್ಧ. ಪ್ರಕಾಶಕರು ಯಾರೂ ಸಿಗಲಿಲ್ಲ. ಟೈಪು ಮಾಡಿದ ಪ್ರತಿಗಳನ್ನು ಚಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟಿಗೂ ನ್ಯೂಯಾರ್ಕಿನ ಹಿಸ್ಟಾರಿಕಲ್ ಸೊಸೈಟಿಗೂ ಕೊಟ್ಟು ಸುಮ್ಮನಾದಳು. ಆರ್ಟ್ ಇನ್‌ಸ್ಟಿಟ್ಯೂಟ್ ಅದನ್ನು 2007ರಲ್ಲಿ ಎಲ್ಲರೂ ಕಂಪ್ಯೂಟರಿನಲ್ಲಿ ಓದುವ ಹಾಗೆ ಮಾಡಿತು. 1961ರ ಆಗಸ್ಟ್ 10ರಂದು, ತೊಂಬತ್ತನೆಯ ವಯಸ್ಸಿನಲ್ಲಿ, ಚಿಕಾಗೋದ ಸಾರ್ವಜನಿಕ ಆಸ್ಪತ್ರೆಯಲ್ಲಿ ಆಕೆ ತೀರಿಕೊಂಡಳು. ಬೂದಿ ಸೇರಿದ್ದು ಗ್ರೇಸ್‌ಲ್ಯಾಂಡ್ ಸ್ಮಶಾನಕ್ಕೆ. ಅಲ್ಲಿಯೂ 1997ರವರೆಗೆ ಹೆಸರಿನ ಕಲ್ಲು ಇರಲಿಲ್ಲ. ಗಂಡನಿಗೆ ಲಖನೌದಲ್ಲಿ ಆದ ಗತಿಯೇ ಹೆಂಡತಿಗೆ ಸ್ವಂತ ಊರಿನಲ್ಲೂ ಆಯಿತು.

ಇಂಥ ಕಥೆಯ ಕೊನೆಗೆ ಅಯ್ಯೋ ಪಾಪ ಎಂದು ನಿಟ್ಟುಸಿರು ಬಿಡುವುದು ವಾಡಿಕೆ. ನನಗೆ ಅದು ಇಷ್ಟವಿಲ್ಲ. ಆಕೆ ಪಾಪದ ಹೆಂಗಸಾಗಿರಲಿಲ್ಲ. ಮೂಗು ಚೂಪು, ನಾಲಿಗೆ ಅದಕ್ಕಿಂತ ಚೂಪು, ನಗು ದೊಡ್ಡದು, ಜಗಳಕ್ಕೆ ಸದಾ ತಯಾರು. ನಾವು ಯೋಚಿಸಬೇಕಾದ್ದು ನಮ್ಮ ರೂಢಿಯ ಬಗ್ಗೆ. ಕಟ್ಟಡ ಕಂಡರೆ ಕಟ್ಟಿಸಿದವರು ಯಾರು ಎನ್ನುತ್ತೇವೆ, ಹೆಚ್ಚೆಂದರೆ ವಾಸ್ತುಶಿಲ್ಪಿ ಯಾರು ಎನ್ನುತ್ತೇವೆ. ಅದು ಇನ್ನೂ ಬಯಲಾಗಿದ್ದಾಗ ಅಲ್ಲಿ ಜನ ಹೇಗೆ ಬಾಳುತ್ತಾರೆ ಎಂದು ಕಂಡು, ಬೇರೆಯವರಿಗೂ ಕಾಣಿಸಿದ ಕೈ ಯಾವುದು ಎಂದು ಕೇಳುವುದಿಲ್ಲ. ಕಟ್ಟಿಸುವವರಿಗೆ ಧೈರ್ಯ ಬರುವುದೇ ಆ ಚಿತ್ರ ನೋಡಿ. ಕ್ಯಾನ್‌ಬೆರಾದ ತೀರ್ಪುಗಾರರು ನೋಡಿದ್ದೂ ಅದನ್ನೇ. ನಮ್ಮ ಈ ಪತ್ರಿಕೆಯನ್ನೇ ತಗೊಳ್ಳಿ. ಕವಿಗಳ ಹೆಸರು ದಪ್ಪಕ್ಷರದಲ್ಲಿರುತ್ತದೆ. ರಾತ್ರಿ ಕೂತು ಸ್ಟೆನ್ಸಿಲ್ ಕೊಯ್ದು, ಬೆರಳೆಲ್ಲ ಮಸಿ ಮಾಡಿಕೊಂಡು ರೋಲರ್ ತಿರುಗಿಸಿದ ಗೆಳೆಯರ ಹೆಸರು ಎಲ್ಲಿದೆ, ಹುಡುಕಿ ನೋಡೋಣ!

ಕಾಲ ನಿಧಾನವಾಗಿಯಾದರೂ ಲೆಕ್ಕ ಸರಿಮಾಡುತ್ತದೆ ಎನ್ನಲು ಒಂದೆರಡು ಗುರುತು ಇವೆ. ಕ್ಯಾನ್‌ಬೆರಾದ ನಡುವೆ ಅವರು ಬಯಸಿದ ಕೆರೆ ಕೊನೆಗೂ 1964ರಲ್ಲಿ ತುಂಬಿತು. ಅದಕ್ಕೆ ಬರ್ಲಿ ಗ್ರಿಫಿನ್ ಕೆರೆ ಎಂದು ವಾಲ್ಟರ್‌ನ ಹೆಸರಿಟ್ಟರು. ಚಿಕಾಗೋದ ಒಂದು ಪುಟ್ಟ ಸರೋವರದಂಡೆಗೆ 2015ರಲ್ಲಿ ಮೇರಿಯನ್ನಳ ಹೆಸರು ಬಂತು. ಅದಕ್ಕೂ ಎರಡು ವರ್ಷ ಮೊದಲು, ಕ್ಯಾನ್‌ಬೆರಾಕ್ಕೆ ನೂರು ತುಂಬಿದ 2013ರಲ್ಲಿ, ಏನ್ಸ್‌ಲಿ ಬೆಟ್ಟದ ನೆತ್ತಿಯ ಮೇಲಿನ ವೀಕ್ಷಣೆಯ ಜಾಗಕ್ಕೂ ಆಕೆಯ ಹೆಸರಿಟ್ಟರು. ಅಲ್ಲಿ ನಿಂತರೆ ಕೆರೆ, ಅದರಾಚೆ ಸಂಸತ್ ಭವನ, ಹಿಂದೆ ನೀಲಿ ಬೆಟ್ಟಗಳ ಸಾಲು ಒಂದೇ ಗೆರೆಯಲ್ಲಿ ಕಾಣುತ್ತವೆ. ಚಿಕಾಗೋದ ಚಳಿಯಲ್ಲಿ, ಒಂಬತ್ತು ವಾರದ ಗಡುವಿನಲ್ಲಿ, ಆಕೆ ಬಟ್ಟೆಯ ಮೇಲೆ ಕಂಡದ್ದೂ ಆ ನೋಟವನ್ನೇ. ಈಗ ಜನ ಸಂಜೆಯ ಹೊತ್ತು ಮಕ್ಕಳು ಮರಿಗಳನ್ನು ಕಟ್ಟಿಕೊಂಡು ಹತ್ತಿ ಹೋಗಿ, ಆಕೆ ನಿಲ್ಲದೇ ನಿಂತ ಜಾಗದಲ್ಲಿ ನಿಂತು, ದೀಪ ಹತ್ತುವುದನ್ನು ನೋಡಿ ಇಳಿದು ಬರುತ್ತಾರೆ.